ನ್ಯಾಂಟ್‌ವಿಚ್ಚಿನ ಉಪ್ಪಿನ ಮನೆಗಳು

ಇಂಗ್ಲೆಂಡಿನ ಚೆಷೈರ್ ಸೀಮೆಯಲ್ಲಿ ವೀವರ್ ನದಿಯ ದಡದಲ್ಲಿರುವ ನ್ಯಾಂಟ್‌ವಿಚ್ ಪಟ್ಟಣಕ್ಕೆ ನೆಲದಡಿಯ ಉಪ್ಪುನೀರಿನ ಊಟೆಗಳೇ ಹಿಂದೆ ಜೀವನಾಧಾರವಾಗಿದ್ದುವು. 1086ರ ಡೂಮ್ಸ್‌ಡೇ ದಾಖಲೆಯು ಇಲ್ಲಿನ ಉಪ್ಪಿನ ಮನೆಗಳ ಒಡೆತನವನ್ನೂ ಸುಂಕವನ್ನೂ ವಿವರಿಸುತ್ತದೆ. ದುಡಿಮೆಯ ಉಪಕರಣಗಳನ್ನು ಕುರಿತು ಹೆಚ್ಚೇನೂ ಹೇಳುವುದಿಲ್ಲ. ಆ ಕೊರತೆಯನ್ನು ನೆಲವೇ ತುಂಬಿಕೊಟ್ಟಿದೆ. 1979-80ರಲ್ಲಿ ವುಡ್ ಸ್ಟ್ರೀಟಿನಲ್ಲಿ ನಡೆದ ಉತ್ಖನನದಿಂದ 12ನೆಯ ಶತಮಾನದ ಎರಡು ಉಪ್ಪಿನ ಮನೆಗಳು ಬೆಳಕಿಗೆ ಬಂದುವು. ಮರದ ಕಾಂಡವನ್ನು ದೋಣಿಯಂತೆ ಕೊರೆದ ತೊಟ್ಟಿಯಲ್ಲಿ ಉಪ್ಪುನೀರನ್ನು ಶೇಖರಿಸಿ, ಅಗಲವಾದ ಸೀಸದ ಪಾತ್ರೆಗಳಲ್ಲಿ ಕುದಿಸಿ, ಹರಳುಗಟ್ಟಿದ ಉಪ್ಪನ್ನು ಬುಟ್ಟಿಗಳಲ್ಲಿ ತುಂಬಿ ನೀರು ಬಸಿಯುತ್ತಿದ್ದರು. ನೀರು ತುಂಬಿದ ಮಣ್ಣಿನಲ್ಲಿ ಗಾಳಿ ಸೋಕದುದರಿಂದ ಮರವು ಕೊಳೆಯದೆ ಉಳಿದಿದೆ. ಅಂತರ್ಜಲವು ಕುಸಿದರೆ, ಇನ್ನೂ ಅಗೆಯದಿರುವ ಸಾಕ್ಷ್ಯವು ಓದುವ ಮುನ್ನವೇ ಅಳಿದುಹೋಗುವುದು. ಆದುದರಿಂದ ಆ ನೆಲದ ತೇವವನ್ನು ಕಾಪಾಡುವುದೂ ಇತಿಹಾಸಜ್ಞನ ಕರ್ತವ್ಯವೇ ಆಗಿದೆ.