ಬದು ಜಗಳ: ಸುಮ್ಮನಿರಬೇಡಿ, ಬೈಯಲೂ ಬೇಡಿ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಬದು ಜಗಳ ಇಲ್ಲದ ಊರು ಇರಲಿಕ್ಕಿಲ್ಲ. ನನ್ನ ಹೊಲ ಅಜ್ಜಂಪುರದ ಹತ್ತಿರ. ಮಳೆ ನಂಬಿ ಈರುಳ್ಳಿ ಬೆಳೆಯುತ್ತೇನೆ. ಪಕ್ಕದ ಹೊಲದವರು ನನಗಿಂತ ಹಿರಿಯರು. 'ಅಣ್ಣ' ಎಂದೇ ಕರೆಯುವುದು. ಪ್ರತಿ ಮುಂಗಾರಿಗೂ ಅವರ ಉಳುಮೆ ನನ್ನ ಕಡೆಗೆ ಸರಿದು ಬರುತ್ತಿತ್ತು. 'ಒಂದಡಿಗೆ ಏನು ಜಗಳ' ಅಂತ ಮೂರು ವರ್ಷ ಸುಮ್ಮನಿದ್ದೆ.

ಒಂದಡಿಯ ಲೆಕ್ಕ

ನಮ್ಮ ನಡುವಿನ ಬದು ಹತ್ತು ಚೈನು ಉದ್ದ, ಅಂದರೆ 330 ಅಡಿ. ವರ್ಷಕ್ಕೆ ಒಂದಡಿಯಂತೆ ಮೂರು ವರ್ಷಕ್ಕೆ 990 ಚದರಡಿ. ಗುಂಟೆ ಎಂದರೆ 1089 ಚದರಡಿ. ಹೆಚ್ಚುಕಮ್ಮಿ ಒಂದು ಗುಂಟೆ ಹೋದಂತಾಯಿತಲ್ಲ! ಅದಕ್ಕಿಂತ ದೊಡ್ಡ ನಷ್ಟ ಬೇರೆ ಇತ್ತು. ಒಳಗೊಳಗೇ ಸಿಟ್ಟು ಬೆಳೆದು ಅಣ್ಣನ ಜೊತೆ ಮಾತೇ ನಿಂತಿತ್ತು. ಅವರ ಮನೆಯ ಮದುವೆಗೂ ನಾನು ಹೋಗಲಿಲ್ಲ. ಏಕೆಂದು ಅವರಿಗೆ ಗೊತ್ತೇ ಇರಲಿಲ್ಲ.

ಕಡೂರು ಕಡೆಯ ನನ್ನ ನೆಂಟರೊಬ್ಬರು ತೆಂಗಿನ ತೋಟದ ಅಂಚು ಹೋದರೂ ಬಾಯಿ ಬಿಡಲಿಲ್ಲ. ಈಗ ಮಗ ಕೇಳಲು ಹೋದರೆ, "ನಿಮ್ಮಪ್ಪನೇ ಕೇಳಿಲ್ಲ, ನೀನ್ಯಾರು?" ಎನ್ನುವ ಉತ್ತರ. ತರೀಕೆರೆ ಕಡೆಯ ಇನ್ನೊಬ್ಬರದು ತದ್ವಿರುದ್ಧ. ಅಡಿಕೆ ತೋಟದ ಬಸಿಗಾಲುವೆ ಮುಚ್ಚಿದ್ದು ಪಕ್ಕದವರು. ಇವರು ಸಿಟ್ಟಿನಲ್ಲಿ ಗುದ್ದಲಿ ಎತ್ತಿದರು. ಕೇಸು ಬಿದ್ದದ್ದು ಇವರ ಮೇಲೆ!

ಹೇಗೆ ಕೇಳಿದೆ?

ಇವೆರಡೂ ಬೇಡ ಎಂದುಕೊಂಡು ಒಂದು ಸಂಜೆ ಅಣ್ಣನ ಮನೆಗೇ ಹೋದೆ. ಹೊಲದಲ್ಲಾಗಲೀ ಟೀ ಅಂಗಡಿಯಲ್ಲಾಗಲೀ ಕೇಳಲಿಲ್ಲ. ನಾಲ್ಕು ಜನರ ಎದುರು ಯಾರೂ ಸೋಲಲು ಒಪ್ಪುವುದಿಲ್ಲ.

"ಅಣ್ಣ, ಬದು ಮೂರಡಿ ನನ್ನ ಕಡೆ ಸರಿದೈತೆ. ನನಗೆ ಹತ್ತಿರ ಹತ್ತಿರ ಒಂದು ಗುಂಟೆ ನಷ್ಟ. ಬಿತ್ತನೆಗೆ ಮುಂಚೆ ಹದ್ದುಬಸ್ತು ಮಾಡಿಸಾಣ" ಎಂದೆ.

ಅವರು ರೇಗಿದರು. "ನಾನೇನು ಕಳ್ಳನೇನಲೇ?"

"ನಿಮ್ಮನ್ನ ಕಳ್ಳ ಅಂದಿಲ್ಲಣ್ಣ. ಬದು ಸರಿದೈತೆ, ಅಳೆಸಾಣ ಅಂತಿದೀನಿ."

ಅವರು ನನ್ನ ಅಪ್ಪನ ಕಾಲದ ಮಾತೆಲ್ಲ ತೆಗೆದರು. ನಾನು ಅದಕ್ಕೆ ಉತ್ತರ ಕೊಡಲು ಹೋಗಲಿಲ್ಲ. ದನಿ ಏರಿಸದೆ ಅದೇ ಮಾತನ್ನು ಮತ್ತೆ ಹೇಳಿದೆ. ಒಳಗೊಳಗೆ ಕೈ ನಡುಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಕೊನೆಗೆ ಅವರೇ, "ಬಾಡಿಗೆ ಟ್ರ್ಯಾಕ್ಟರ್ ಹುಡುಗ ಹೊಡೀತಾನಪ್ಪ. ನಾನೆಲ್ಲಿ ನೋಡ್ತೀನಿ?" ಎಂದರು. ಅದೂ ನಿಜವೇ. ಎತ್ತಿನ ಉಳುಮೆಯಲ್ಲಿ ಬದುವಿನ ಅಂಚು ಉಳಿಯುತ್ತಿತ್ತು. ಟ್ರ್ಯಾಕ್ಟರಿಗೆ ತಿರುಗಲು ಜಾಗ ಬೇಕು.

ಅಳತೆ ಹೇಳಿದ್ದು

ಪಹಣಿ ಇಟ್ಟು ಹದ್ದುಬಸ್ತಿಗೆ ಅರ್ಜಿ ಕೊಟ್ಟು ಶುಲ್ಕ ಕಟ್ಟಿದೆ. ಅಕ್ಕಪಕ್ಕದ ಹಿಡುವಳಿದಾರರಿಗೆಲ್ಲ ನೋಟಿಸು ಹೋಗುತ್ತದೆ. ನೋಟಿಸು ಕಂಡು ಅಣ್ಣ ಗಾಬರಿಯಾಗಬಾರದೆಂದು ನಾನೇ ಮೊದಲು ಹೋಗಿ ತಿಳಿಸಿದೆ. ಸರ್ವೆಯವರು ಹಳೇ ದಾಖಲೆ ನೋಡಿ ಅಳೆದರು. ಪೂರ್ವದ ತುದಿಯಲ್ಲಿ ನನಗೆ ಮೂರಡಿ ಬರಬೇಕಿತ್ತು. ಆದರೆ ಪಶ್ಚಿಮದ ತುದಿಯಲ್ಲಿ ನಾನೇ ಒಂದಡಿ ಒತ್ತಿದ್ದೆ! ನಾಚಿಕೆಯಾಯಿತು. ಅಲ್ಲಿಯೇ ಬಿಟ್ಟುಕೊಟ್ಟೆ. ಅಣ್ಣನ ಮುಖ ಸಡಿಲಾದದ್ದು ಆಗಲೇ.

ಈಗ ಬಾಂದು ಕಲ್ಲು ನಿಂತಿದೆ. ಇಂಥ ಗಡಿ ಗುರುತು ಕೀಳುವುದು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ ಪ್ರಕಾರ ದಂಡಕ್ಕೆ ಗುರಿಯಾಗುವ ತಪ್ಪು. ಅಣ್ಣ ಮೊದಲಿನಷ್ಟು ಸಲಿಗೆಯಿಂದ ಇಲ್ಲ. ಆದರೆ ಮಾತಿದೆ, ಹೋಗಿಬರುವುದಿದೆ.

ಕೇಳಲು ಹೋಗುವವರಿಗೆ

* ಮೊದಲು ನೀವೇ ಅಳೆದು ನೋಡಿ, ಲೆಕ್ಕ ಬರೆದಿಟ್ಟುಕೊಳ್ಳಿ.
* ಆದದ್ದೇನು, ನಷ್ಟವೇನು, ಬೇಕಾದ್ದೇನು - ಈ ಮೂರೇ ಮಾತು ಹೇಳಿ.
* ಮನುಷ್ಯನನ್ನು ಬೈಯಬೇಡಿ. ಬದುವಿನ ಮಾತು ಬದುವಿನದೇ ಆಗಿರಲಿ.
* ಎದುರಿನವರು ಕುಡಿದಿದ್ದರೆ, ಕೈ ಎತ್ತಿದರೆ ಅಲ್ಲಿ ನಿಲ್ಲಬೇಡಿ. ಹಿರಿಯರೊಬ್ಬರನ್ನು ಕರೆದುಕೊಂಡು ಇನ್ನೊಂದು ದಿನ ಹೋಗಿ.
* ಮಾತಿಗೆ ಬಗ್ಗದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿ ಇದೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದು ಕೋರ್ಟಿನ ಡಿಕ್ರಿಗೆ ಸಮ.
* ನಿಮ್ಮದೂ ತಪ್ಪಿದ್ದರೆ ಅಲ್ಲೇ ಒಪ್ಪಿಕೊಳ್ಳಿ.

ಮೊದಲ ವರ್ಷವೇ ಕೇಳಿದ್ದರೆ ಒಂದಡಿಯಲ್ಲಿ ಮುಗಿಯುತ್ತಿತ್ತು. ಆ ಮದುವೆಯ ಊಟವನ್ನೂ ಮಾಡಿರುತ್ತಿದ್ದೆ.