ರೇಷ್ಮೆಯ ಹೂವು ತಟ್ಟೆಗೆ ಬಂದ ಕಥೆ

ತುರ್ಕಿಗೆ ಹೋಗಿ ಬಂದವರ ಮನೆಯ ಶೋಕೇಸಿನಲ್ಲಿ ಬಣ್ಣದ ಪಿಂಗಾಣಿ ತಟ್ಟೆಯೊಂದನ್ನು ನೀವು ನೋಡಿರಬಹುದು. ಬಿಳಿ ಮೈ ಮೇಲೆ ನೀಲಿ, ಹಸಿರು, ಕೆಂಪು ಹೂಗಳು. ಇಸ್ತಾಂಬುಲ್‌ನ ತೋಪ್‌ಕಪಿ ಅರಮನೆಯಲ್ಲಿರುವ ಸುಲ್ತಾನರ ರೇಷ್ಮೆ ನಿಲುವಂಗಿಗಳಲ್ಲೂ ಇಂಥದ್ದೇ ಹೂಗಳುಂಟು.

ಇದು ಆಕಸ್ಮಿಕ ಅಲ್ಲ. 16ನೇ ಶತಮಾನದಲ್ಲಿ ಉಸ್ಮಾನಿ ಅರಮನೆಗೆ ಚಿತ್ರಕಾರರದ್ದೇ ಒಂದು ಕಾರ್ಯಾಗಾರವಿತ್ತು. ಅಲ್ಲಿನ ನಮೂನೆಗಳು ರೇಷ್ಮೆ ನೇಯುವವರಿಗೂ ಹೋಗುತ್ತಿದ್ದವು, ಇಝ್ನಿಕ್ ಊರಿನ ಪಿಂಗಾಣಿ ಕೆಲಸದವರಿಗೂ ಹೋಗುತ್ತಿದ್ದವು. ಮೂರು ಉರುಟು ಚುಕ್ಕೆ, ಜೊತೆಗೆ ಅಲೆಯಂಥ ಎರಡು ಗೆರೆ ಇರುವ ನಮೂನೆ ಬಟ್ಟೆಯಲ್ಲೂ ತಟ್ಟೆಯಲ್ಲೂ ಸಿಗುತ್ತದೆ. ಅದರ ಹೆಸರು ‘ಚಿಂತಾಮಣಿ’. ಹೌದು, ನಮಗೆ ಗೊತ್ತಿರುವ ಸಂಸ್ಕೃತ ಶಬ್ದವೇ!

ಕೆಲಸ ಸುಲಭದ್ದಲ್ಲ. ಕಾಗದದಲ್ಲಿ ಚಿತ್ರ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚುತ್ತಾರೆ. ಅದನ್ನು ತಟ್ಟೆಯ ಮೇಲಿಟ್ಟು ಇದ್ದಿಲ ಪುಡಿ ತಟ್ಟಿದರೆ ಚುಕ್ಕೆ ಚುಕ್ಕೆಯಾಗಿ ಚಿತ್ರ ಇಳಿಯುತ್ತದೆ. ಆಮೇಲೆ ಕುಂಚ ಹಿಡಿದು ಗೆರೆ ಎಳೆಯಬೇಕು, ಬಣ್ಣ ತುಂಬಬೇಕು, ಗಾಜಿನಂಥ ಹೊಳಪಿನ ಲೇಪ ಕೊಟ್ಟು ಸುಮಾರು 900 ಡಿಗ್ರಿ ಬಿಸಿಯ ಗೂಡಿನಲ್ಲಿ ಸುಡಬೇಕು. ಇಝ್ನಿಕ್‌ನ ಕೆಂಪು ಬಣ್ಣ ಬಹಳ ಪ್ರಸಿದ್ಧ. 1557ರಲ್ಲಿ ಮುಗಿದ ಸುಲೈಮಾನಿಯಾ ಮಸೀದಿಯ ಗೋಡೆಯ ಹಂಚುಗಳಲ್ಲಿ ಆ ಕೆಂಪನ್ನು ಇಂದಿಗೂ ನೋಡಬಹುದು.

ಇಂಥ ಕೆಲಸವೂ 17ನೇ ಶತಮಾನದಲ್ಲಿ ಇಳಿಮುಖವಾಯಿತು. ಸಾಮಾನಿನ ಬೆಲೆ ಏರುತ್ತಾ ಹೋಯಿತು, ಅರಮನೆ ನಿಗದಿ ಮಾಡಿದ ದರ ಮಾತ್ರ ಏರಲಿಲ್ಲ. ಆರ್ಡರೂ ಕಡಿಮೆಯಾಯಿತು. ದುಡಿಮೆಗೆ ತಕ್ಕ ಕೂಲಿ ಇಲ್ಲದ ಮೇಲೆ ಮಕ್ಕಳಿಗೆ ಆ ವಿದ್ಯೆ ಕಲಿಸುವವರು ಯಾರು? ಕೊನೆಗೆ ಆ ಕೆಂಪು ಮಾಡುವ ಗುಟ್ಟೂ ಕೈತಪ್ಪಿತು. ಕುತಾಹ್ಯ ಊರಿನವರು ಪಿಂಗಾಣಿ ಕೆಲಸವನ್ನು ಉಳಿಸಿಕೊಂಡು ಬಂದರು. ಇಝ್ನಿಕ್‌ನಲ್ಲಿ ಹಳೆಯ ವಿಧಾನ ಮತ್ತೆ ಹುಡುಕಲು 1993ರಲ್ಲಿ ಒಂದು ಪ್ರತಿಷ್ಠಾನವೇ ಹುಟ್ಟಬೇಕಾಯಿತು. 2016ರಲ್ಲಿ ಯುನೆಸ್ಕೊ ಈ ಕಲೆಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಈಗ ಪೇಟೆಯಲ್ಲಿ ಅಚ್ಚು ಹಾಕಿದ ತಟ್ಟೆಗಳೂ ಬೇಕಾದಷ್ಟಿವೆ. ಕೊಳ್ಳುವ ಮೊದಲು ಹತ್ತಿರದಿಂದ ನೋಡಿ. ಕೈಯಿಂದ ಬರೆದ ಗೆರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಪೂರ ಇರುತ್ತದೆ. ಒಂದು ಹೂವಿನಂತೆ ಇನ್ನೊಂದು ಇರುವುದಿಲ್ಲ. ಅಂಥದ್ದು ಸಿಕ್ಕಿದರೆ ಬೆಲೆಗೆ ಬಹಳ ಜಗ್ಗಾಡಬೇಡಿ. ಕೂಲಿ ಸಿಕ್ಕಿದರೆ ಮಾತ್ರ ಕೈಕೆಲಸ ಉಳಿಯುತ್ತದೆ.