ಆಪತ್ತಿಗಾದ ನೆಂಟ

ಒಂದೇ ತಂಡದಲ್ಲಿ ಹೆಗಲಿಗೆ ಹೆಗಲು ಕೊಟ್ಟು ಆಡಿದವರ ಸಂಬಂಧವು ಆಟದೊಡನೆಯೇ ಮುಗಿದುಹೋಗುವುದೆ? ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಮಾರಿಸ್ ಸ್ಟೋಕ್ಸನ ಬಾಳು ಈ ಪ್ರಶ್ನೆಗೆ ಉತ್ತರ ಹೇಳುತ್ತದೆ.

ಸ್ಟೋಕ್ಸ್ 1933ರ ಜೂನ್ 17ರಂದು ಪೆನ್ಸಿಲ್ವೇನಿಯಾ ರಾಜ್ಯದ ರ‍್ಯಾಂಕಿನ್ ಎಂಬಲ್ಲಿ ಜನಿಸಿದನು. ಅದು ಪಿಟ್ಸ್‌ಬರ್ಗ್ ನಗರದ ಸಮೀಪದಲ್ಲಿ, ಉಕ್ಕಿನ ಕಾರ್ಖಾನೆಗಳ ನಡುವೆ ಬೆಳೆದ ಊರು. ಲೊರೆಟೊ ಎಂಬ ಚಿಕ್ಕ ಊರಿನ ಸೇಂಟ್ ಫ್ರಾನ್ಸಿಸ್ ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಅವನು ಉತ್ತಮ ಆಟಗಾರನೆಂದು ಹೆಸರಾದನು. 1955ರಲ್ಲಿ ರಾಚೆಸ್ಟರ್ ರಾಯಲ್ಸ್ ಎಂಬ ವೃತ್ತಿಪರ ತಂಡವನ್ನು ಸೇರಿದನು. ಆ ತಂಡವು ಆಡುತ್ತಿದ್ದ ರಾಷ್ಟ್ರೀಯ ಲೀಗಿನಲ್ಲಿ ಕಪ್ಪು ಜನಾಂಗದವರಿಗೆ ಆಡಲು ಅವಕಾಶ ದೊರೆತದ್ದು 1950ರಲ್ಲಿ. ಸ್ಟೋಕ್ಸನು ಆ ಜನಾಂಗಕ್ಕೆ ಸೇರಿದವನು.

ಅವನ ಎತ್ತರ 6 ಅಡಿ 7 ಅಂಗುಲ. ಬುಟ್ಟಿಯೊಳಗೆ ಬೀಳದೆ ಪುಟಿದು ಬರುವ ಚೆಂಡನ್ನು ವಶಪಡಿಸಿಕೊಳ್ಳುವುದಕ್ಕೆ ರೀಬೌಂಡ್ ಎಂದು ಹೆಸರು. ಈ ಕಲೆಯಲ್ಲಿ ಅವನಿಗೆ ಸಮಾನರು ವಿರಳ. ಮೊದಲ ವರ್ಷವೇ ಲೀಗಿನ ಅತ್ಯುತ್ತಮ ಹೊಸ ಆಟಗಾರನೆಂಬ ಗೌರವ ಅವನದಾಯಿತು. 1956–57ರಲ್ಲಿ 1,256 ರೀಬೌಂಡ್‌ಗಳನ್ನು ಗಳಿಸಿ ಲೀಗಿನಲ್ಲಿ ಹೊಸ ದಾಖಲೆಯನ್ನು ಸ್ಥಾಪಿಸಿದನು. 1957ರಲ್ಲಿ ತಂಡವು ಸಿನ್ಸಿನಾಟಿ ನಗರಕ್ಕೆ ಸ್ಥಳಾಂತರಗೊಂಡಿತು.

1958ರ ಮಾರ್ಚ್ 12ರಂದು ಮಿನಿಯಾಪೊಲಿಸ್‌ನಲ್ಲಿ ನಡೆದ ಪಂದ್ಯದಲ್ಲಿ ಸ್ಟೋಕ್ಸ್ ಕೆಳಗೆ ಬಿದ್ದನು. ತಲೆ ನೆಲಕ್ಕೆ ಬಲವಾಗಿ ಅಪ್ಪಳಿಸಿ ಪ್ರಜ್ಞೆ ತಪ್ಪಿತು. ತಲೆಯ ಪೆಟ್ಟಿನ ಅಪಾಯವನ್ನು ಅಂದಿನವರು ಇಂದಿನಷ್ಟು ಅರಿತಿರಲಿಲ್ಲ. ಎಚ್ಚರಗೊಂಡ ಅವನು ಮತ್ತೆ ಆಟಕ್ಕಿಳಿದನು. ಮೂರು ದಿನಗಳ ಅನಂತರ ಡೆಟ್ರಾಯಿಟ್‌ನಲ್ಲಿಯೂ ಆಡಿದನು. ಅಲ್ಲಿಂದ ಹಿಂದಿರುಗುವಾಗ ವಿಮಾನದಲ್ಲಿಯೇ ತೀವ್ರವಾಗಿ ಅಸ್ವಸ್ಥನಾದನು. ಮೆದುಳಿಗೆ ತಗುಲಿದ ಪೆಟ್ಟು ಅವನ ದೇಹವನ್ನೆಲ್ಲ ನಿಶ್ಚಲಗೊಳಿಸಿತು, ಮಾತು ನಿಂತಿತು. ಬುದ್ಧಿ ಮಾತ್ರ ತಿಳಿಯಾಗಿಯೇ ಉಳಿಯಿತು. ಆಗ ಅವನ ವಯಸ್ಸು ಕೇವಲ 24.

ಚಿಕಿತ್ಸೆಯ ವೆಚ್ಚವನ್ನು ಭರಿಸುವವರಾರು? ಅಂದಿನ ಆಟಗಾರರಿಗೆ ಇಂತಹ ವಿಪತ್ತಿನಲ್ಲಿ ನೆರವಾಗುವ ವ್ಯವಸ್ಥೆ ಇರಲಿಲ್ಲ. ಬ್ಯಾಂಕಿನಲ್ಲಿದ್ದ ತನ್ನ ಹಣವನ್ನು ತೆಗೆಯಲು ಸಹಿ ಹಾಕುವ ಶಕ್ತಿಯೂ ಸ್ಟೋಕ್ಸನಿಗೆ ಉಳಿದಿರಲಿಲ್ಲ. ಆಗ ಮುಂದೆ ಬಂದವನು ಸಹ ಆಟಗಾರ ಜ್ಯಾಕ್ ಟ್ವೈಮನ್. 23ರ ಹರೆಯದ ಈ ಬಿಳಿಯ ಯುವಕನು ನ್ಯಾಯಾಲಯದ ಮೂಲಕ ಸ್ಟೋಕ್ಸನ ಕಾನೂನುಬದ್ಧ ಪಾಲಕನಾದನು. ಅಮೆರಿಕದ ಹಲವು ರಾಜ್ಯಗಳಲ್ಲಿ ಕಪ್ಪು ಮಕ್ಕಳೂ ಬಿಳಿಯ ಮಕ್ಕಳೂ ಒಂದೇ ಶಾಲೆಯಲ್ಲಿ ಕಲಿಯಲಾಗದಿದ್ದ ಕಾಲವದು.

ಟ್ವೈಮನ್ನನು ಅಕ್ಷರಮಾಲೆಯನ್ನು ಒಂದೊಂದಾಗಿ ಹೇಳುವನು. ತನಗೆ ಬೇಕಾದ ಅಕ್ಷರ ಬಂದಾಗ ಸ್ಟೋಕ್ಸ್ ಕಣ್ಣೆವೆಯನ್ನು ಮಿಟುಕಿಸುವನು. ಹೀಗೆ ಅಕ್ಷರಕ್ಕೆ ಅಕ್ಷರ ಕೂಡಿ ಮಾತಾಗುತ್ತಿತ್ತು. ಕೆಲಸದ ವೇಳೆಯಲ್ಲಿ ಗಾಯಗೊಂಡವರಿಗೆ ಸಲ್ಲುವ ಸರಕಾರಿ ಪರಿಹಾರವನ್ನು ಟ್ವೈಮನ್ನನು ಹೋರಾಡಿ ದೊರಕಿಸಿದನು. ಹಣಸಂಗ್ರಹಕ್ಕಾಗಿ ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳ ನಡುವೆ ವರ್ಷ ವರ್ಷವೂ ಸಹಾಯಾರ್ಥ ಪಂದ್ಯವನ್ನು ಏರ್ಪಡಿಸಿದನು. ಎದುರಾಳಿ ತಂಡಗಳ ಪ್ರಸಿದ್ಧ ಆಟಗಾರರೂ ಬಂದು ಅದರಲ್ಲಿ ಆಡಿದರು. ಇಷ್ಟರ ನಡುವೆಯೂ ಟ್ವೈಮನ್ನನು 1966ರವರೆಗೆ ತನ್ನ ಆಟವನ್ನು ಮುಂದುವರಿಸಿದನು.

ಸ್ಟೋಕ್ಸನೂ ಕೈಚೆಲ್ಲಿ ಕೂರಲಿಲ್ಲ. ದಿನದಿನದ ವ್ಯಾಯಾಮದಿಂದ ಬೆರಳುಗಳಲ್ಲಿ ಚಲನೆಯನ್ನು ಮರಳಿ ಪಡೆದು, ಬೆರಳಚ್ಚು ಯಂತ್ರದಲ್ಲಿ ಪತ್ರ ಬರೆಯುವಷ್ಟಾದನು. ಹನ್ನೆರಡು ವರ್ಷಗಳ ಈ ಹೋರಾಟವು 1970ರ ಏಪ್ರಿಲ್ 6ರಂದು ಹೃದಯಾಘಾತದಿಂದ ಕೊನೆಗೊಂಡಿತು. ಅವನ ಇಚ್ಛೆಯಂತೆ ಲೊರೆಟೊದಲ್ಲಿಯೇ ಅವನನ್ನು ಸಮಾಧಿ ಮಾಡಲಾಯಿತು.

2004ರಲ್ಲಿ ಬ್ಯಾಸ್ಕೆಟ್‌ಬಾಲ್ ಕ್ರೀಡೆಯ ಕೀರ್ತಿಭವನದಲ್ಲಿ ಸ್ಟೋಕ್ಸನ ಹೆಸರು ಸೇರಿತು. ಗೆಳೆಯನ ಪರವಾಗಿ ಆ ಗೌರವವನ್ನು ಸ್ವೀಕರಿಸಿದವನು ವೃದ್ಧ ಟ್ವೈಮನ್. ಅವನು 2012ರಲ್ಲಿ ತೀರಿಕೊಂಡನು. ಮರುವರ್ಷದಿಂದ ಲೀಗು ಅತ್ಯುತ್ತಮ ಸಹ ಆಟಗಾರನಿಗೆ ಇಬ್ಬರ ಹೆಸರಿನಲ್ಲಿಯೂ ಪ್ರಶಸ್ತಿಯನ್ನು ನೀಡತೊಡಗಿತು. ಸ್ಟೋಕ್ಸ್ ಆಡಿದ್ದು ಮೂರೇ ವರ್ಷ. ಅವನ ರೀಬೌಂಡ್ ದಾಖಲೆಯನ್ನು ಬೇರೆಯವರು ಬಹುಬೇಗ ಮೀರಿದರು. ಆಪತ್ತಿಗಾದವನೇ ನೆಂಟ ಎಂಬ ಮಾತನ್ನು ಹನ್ನೆರಡು ವರ್ಷ ನಡೆದು ತೋರಿಸಿದ ಆ ಗೆಳೆತನವನ್ನು ಮಾತ್ರ ಆಟಗಾರರು ಇಂದಿಗೂ ನೆನೆಯುತ್ತಾರೆ.